ಎಲ್ಲದಕ್ಕೂ ಒಂದೇ ಡೇಟಾ ಮಾದರಿ: ಘೋಷಣೆಯನ್ನು ತೂಗುವುದು ಹೇಗೆ?

ಡೇಟಾ ವ್ಯವಸ್ಥೆ ಕಟ್ಟುವವರ ಘೋಷಣೆಗಳಲ್ಲಿ ಎರಡು ಮಾತು ಬಂದೇ ಬರುತ್ತವೆ. ಒಂದು ‘ಎಲ್ಲ’, ಇನ್ನೊಂದು ‘ಒಂದೇ’. ಎಲ್ಲ ಭಾಷೆಗಳಿಗೂ ಒಂದೇ ಸಂಕೇತ. ಎಲ್ಲ ಆಸ್ಪತ್ರೆಗಳಿಗೂ ಒಂದೇ ಬಗೆಯ ದಾಖಲೆ. ಎಲ್ಲ ರೈತರಿಗೂ ಒಂದೇ ಗುರುತು. ಎಐ ಬಂದ ಮೇಲಂತೂ ಇಂಥ ಮಾತುಗಳಿಗೆ ಬೇಡಿಕೆ ಜಾಸ್ತಿಯಾಗಿದೆ. ಸಂಸ್ಥೆಯ ಡೇಟಾವನ್ನೆಲ್ಲ ಒಂದೇ ಮಾದರಿಗೆ ತಂದುಬಿಡಿ, ಉಳಿದದ್ದನ್ನು ಎಐ ನೋಡಿಕೊಳ್ಳುತ್ತದೆ ಅನ್ನುವುದು ಈಗಿನ ಸಾಫ್ಟ್‌ವೇರ್ ಮಾರಾಟದ ಮಾಮೂಲಿ ಮಾತು.

ಘೋಷಣೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಪರಸ್ಪರ ಪೈಪೋಟಿಯಲ್ಲಿರುವ ಕಂಪನಿಗಳು, ಸರ್ಕಾರಗಳು, ಸಾವಿರಾರು ಎಂಜಿನಿಯರುಗಳು ಹತ್ತಿಪ್ಪತ್ತು ವರ್ಷ ಒಂದೇ ಕಡೆ ಹೆಜ್ಜೆ ಹಾಕಬೇಕಾದರೆ ಒಂದು ಸಾಲಿನ ಮಾತು ಬೇಕೇ ಬೇಕು. ನೂರು ಪುಟದ ವಿವರಣೆಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಆದರೆ ಯಾವ ಘೋಷಣೆಯನ್ನು ನಂಬಬಹುದು? ನನ್ನ ಅಳತೆಗೋಲು ಒಂದೇ. ತಾನು ಏನನ್ನು ಮಾಡುವುದಿಲ್ಲ ಅಂತ ಅದರ ಬೆನ್ನಿಗೆ ಎಲ್ಲಾದರೂ ಬರೆದಿದೆಯೇ? ಬರೆದಿದ್ದರೆ ಆ ಘೋಷಣೆ ತಪ್ಪಾದಾಗ ರಿಪೇರಿ ಮಾಡಬಹುದು. ಬರೆದಿಲ್ಲದಿದ್ದರೆ ತಪ್ಪಾಗಿದ್ದೇ ಯಾರಿಗೂ ಗೊತ್ತಾಗುವುದಿಲ್ಲ.

ಡೇಟಾ ಮಾದರಿ ಅಂದರೆ ದೊಡ್ಡ ವಿಷಯವೇನಲ್ಲ. ಯಾವ ಯಾವ ವಸ್ತುಗಳ ಲೆಕ್ಕ ಇಡಬೇಕು, ಒಂದೊಂದರ ಬಗ್ಗೆ ಏನೇನು ಬರೆದಿಡಬೇಕು, ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಅಂತ ಮೊದಲೇ ಮಾಡಿಕೊಳ್ಳುವ ತೀರ್ಮಾನ ಅದು. ಕಾಲೇಜಿಗೆ ವಿದ್ಯಾರ್ಥಿ, ವಿಷಯ, ಅಂಕ. ಇಷ್ಟಾದರೆ ಒಂದು ಮಾದರಿ ಆಯಿತು. ಒಂದು ಕಾಲೇಜಿಗೆ ಇದನ್ನು ಮಾಡುವುದು ಸುಲಭ. ಇಡೀ ಲೋಕಕ್ಕೇ ಒಂದು ಮಾದರಿ ಮಾಡುತ್ತೇನೆ ಅಂದಾಗ ಕಷ್ಟ ಶುರುವಾಗುತ್ತದೆ.

ಇಂಥ ಪ್ರಯತ್ನಗಳಲ್ಲಿ ಅತಿ ಹೆಚ್ಚು ಗೆದ್ದದ್ದು ಎಡ್ಗರ್ ಕಾಡ್ ಅವರದು. ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಅವರು 1970ರಲ್ಲಿ ರಿಲೇಷನಲ್ ಮಾದರಿಯ ಲೇಖನ ಬರೆದರು. ಅದರ ಮೊದಲ ವಾಕ್ಯದಲ್ಲೇ ಅವರ ಭರವಸೆ ಇತ್ತು. ಯಂತ್ರದ ಒಳಗೆ ಡೇಟಾ ಹೇಗೆ ಜೋಡಣೆಯಾಗಿದೆ ಅನ್ನುವುದನ್ನು ತಿಳಿದುಕೊಳ್ಳುವ ಕಷ್ಟ ಮುಂದಿನ ಬಳಕೆದಾರರಿಗೆ ಇರಬಾರದು ಅಂತ. ಆಗ ಐಬಿಎಂ ಮಾರುತ್ತಿದ್ದದ್ದು ಐಎಂಎಸ್. ಅಪೋಲೊ ಚಂದ್ರಯಾನದ ಕಾಲದಲ್ಲಿ ಬೆಳೆದ ವ್ಯವಸ್ಥೆ ಅದು. ಅದರಲ್ಲಿ ಡೇಟಾ ಮರದ ಕೊಂಬೆಗಳ ಹಾಗೆ ಇರುತ್ತಿತ್ತು. ಯಾವ ಕೊಂಬೆಯಿಂದ ಇಳಿಯಬೇಕು ಅಂತ ಪ್ರೋಗ್ರಾಮರಿಗೆ ಗೊತ್ತಿರಬೇಕಿತ್ತು. ಕಾಡ್ ಎಲ್ಲವನ್ನೂ ಕೋಷ್ಟಕ ಮಾಡಿಬಿಟ್ಟರು. ಸಾಲು, ಕಾಲಂ, ಅಷ್ಟೇ. ಇವತ್ತು ಬ್ಯಾಂಕಿನ ಪಾಸ್‌ಬುಕ್‌ನಿಂದ ರೈಲು ಟಿಕೆಟ್‌ವರೆಗೆ ಬಹುಪಾಲು ಅದರ ಮೇಲೇ ನಡೆಯುತ್ತಿದೆ.

ಗಮನಿಸಬೇಕಾದ್ದು ಏನೆಂದರೆ, ಕಾಡ್ ಲೋಕದ ಬಗ್ಗೆ ಏನೂ ಹೇಳಲಿಲ್ಲ. ಯಾವ ಕೋಷ್ಟಕ ಇರಬೇಕು, ಅದರಲ್ಲಿ ಯಾವ ಕಾಲಂ ಇರಬೇಕು ಅನ್ನುವುದನ್ನು ನಮಗೇ ಬಿಟ್ಟರು. ‘ಗ್ರಾಹಕ’ ಅಂದರೆ ಯಾರು ಅಂತ ಅವರು ತೀರ್ಮಾನಿಸಲಿಲ್ಲ. ಹಾಗಾಗಿ ಆ ವಿಷಯಕ್ಕೆ ಯಾರೂ ಅವರ ಹತ್ತಿರ ಜಗಳಕ್ಕೂ ಹೋಗಲಿಲ್ಲ.

ಕನ್ನಡದವರಿಗೆ ಹತ್ತಿರದ ಉದಾಹರಣೆ ಯುನಿಕೋಡ್, ಅಂದರೆ ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಮಾನಕ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 1988ರಲ್ಲಿ ಜೆರಾಕ್ಸ್‌ನ ಜೋ ಬೆಕರ್ ಒಂದು ಕರಡು ಬರೆದು ಈ ಹೆಸರನ್ನು ಕೊಟ್ಟರು. ಅನನ್ಯ, ಏಕೀಕೃತ, ಸಾರ್ವತ್ರಿಕ ಅನ್ನುವ ಮೂರೂ ಅರ್ಥ ಆ ಹೆಸರಲ್ಲಿ ಬರಲಿ ಅನ್ನುವುದು ಅವರ ಉದ್ದೇಶ. ಮುಂದೆ ಸಂಸ್ಥೆ ಹುಟ್ಟಿದ ಮೇಲೆ ಭರವಸೆ ಇನ್ನೂ ಸ್ಪಷ್ಟವಾಯಿತು. ಯಾವ ಯಂತ್ರವೇ ಇರಲಿ, ಯಾವ ಪ್ರೋಗ್ರಾಮೇ ಇರಲಿ, ಯಾವ ಭಾಷೆಯೇ ಇರಲಿ, ಪ್ರತಿ ಅಕ್ಷರಕ್ಕೂ ಒಂದು ಬೇರೆಯದೇ ಸಂಖ್ಯೆ. ಇದಕ್ಕಿಂತ ಗಟ್ಟಿ ಘೋಷಣೆ ಬೇಕಾ?

ಬೆಕರ್ ಕರಡಿನಲ್ಲಿ ಒಂದು ಗೆರೆಯನ್ನೂ ಎಳೆದಿದ್ದರು. 16 ಬಿಟ್ ಸಾಕು, ಅಂದರೆ 65,536 ಸ್ಥಾನ. ಯಾಕೆ ಸಾಕು? ಈಗ ಬಳಕೆಯಲ್ಲಿರುವ ಅಕ್ಷರಗಳಿಗಷ್ಟೇ ಜಾಗ, ಹಳೆಯ ಕಾಲದ ಲಿಪಿಗಳನ್ನು ಕಾಪಾಡುವುದಕ್ಕಿಂತ ಮುಂದಿನ ಉಪಯೋಗ ಮುಖ್ಯ ಅಂತ. ಈ ಗೆರೆ ತಪ್ಪಾಯಿತು. ಚೀನಿ ಅಕ್ಷರಗಳೇ ಆ ಜಾಗ ನುಂಗುತ್ತಾ ಬಂದವು. ಹಳೆಯ ಲಿಪಿಗಳನ್ನು ಓದುವವರೂ ಬಂದು ಕೂತರು. 1996ರಲ್ಲಿ ಯುನಿಕೋಡ್ 2.0 ಬಂದಾಗ ಜಾಗವನ್ನು 11 ಲಕ್ಷಕ್ಕೂ ಮೀರಿ ಹಿಗ್ಗಿಸಬೇಕಾಯಿತು. ಈಗ ತುಂಬಿರುವ ಅಕ್ಷರಗಳೇ ಒಂದೂವರೆ ಲಕ್ಷ ದಾಟಿವೆ. ಆದರೂ ನಾನು ಇದನ್ನು ಸೋಲು ಅನ್ನುವುದಿಲ್ಲ. ಗೆರೆ ಎಲ್ಲಿದೆ ಅಂತ ಬರೆದಿಟ್ಟಿದ್ದರಿಂದಲೇ ಅದು ಎಲ್ಲಿ ಮುರಿಯಿತು ಅಂತ ಎಲ್ಲರಿಗೂ ಕಂಡಿತು.

ಕನ್ನಡದ ಒಳಗೆ ಬಂದು ನೋಡಿದರೆ ಘೋಷಣೆಯ ಇನ್ನೊಂದು ಮುಖ ಕಾಣುತ್ತದೆ. ಯುನಿಕೋಡ್‌ನ ಭಾರತೀಯ ಲಿಪಿಗಳು ಇಸ್ಕೀ ಅನ್ನುವ ನಮ್ಮದೇ ಮಾನಕದ ಮೇಲೆ ನಿಂತಿವೆ. ಇಸ್ಕೀ ಕೂಡ ಒಂದು ಸಾರ್ವತ್ರಿಕ ಮಾದರಿಯೇ. ಬ್ರಾಹ್ಮಿಯಿಂದ ಬಂದ ಲಿಪಿಗಳೆಲ್ಲ ಒಳಗೆ ಒಂದೇ, ‘ಕ’ ಯಾವ ಲಿಪಿಯಲ್ಲಿದ್ದರೂ ‘ಕ’ನೇ ಅನ್ನುವುದು ಅದರ ತರ್ಕ. ಅದನ್ನು ನೋಡಿಕೊಂಡೇ ಯುನಿಕೋಡ್‌ನಲ್ಲಿ ಕನ್ನಡದ ಮನೆಗಳನ್ನು ದೇವನಾಗರಿಯ ಸಾಲಿಗೆ ಹೊಂದಿಸಿ ಇಟ್ಟರು. ಕನ್ನಡದಲ್ಲಿ ಇಲ್ಲದ ಅಕ್ಷರಗಳ ಜಾಗ ಖಾಲಿ ಬಿಟ್ಟರು. ಕನ್ನಡಕ್ಕೇ ಸೇರಿದ್ದನ್ನು ಬೇರೆಲ್ಲೋ ತುರುಕಿದರು.

ಹಳಗನ್ನಡದ ೞ ಇದೆಯಲ್ಲ, ‘ಬಾೞೆ’, ‘ಪೞೆಯ’ ಪದಗಳಲ್ಲಿ ಬರುವ ಅಕ್ಷರ, ಅದಕ್ಕೆ ಯುನಿಕೋಡ್ ಕೊಟ್ಟ ಅಧಿಕೃತ ಹೆಸರು ‘ಕನ್ನಡ ಅಕ್ಷರ ಫ’. ಶುದ್ಧ ತಪ್ಪು. ತಪ್ಪು ಅಂತ ಯುನಿಕೋಡ್‌ನವರೂ ಒಪ್ಪಿದ್ದಾರೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲ ಅನ್ನುವುದು ಅವರ ನಿಯಮ. ಹಾಗಾಗಿ ಹಳೆ ಹೆಸರು ಹಾಗೇ ಇದೆ, ಪಕ್ಕದಲ್ಲಿ ಒಂದು ಸರಿಪಡಿಸಿದ ಹೆಸರು ಕೂತಿದೆ. ಇನ್ನೊಂದು ಹಳೆ ಅಕ್ಷರ, ನಕಾರ ಪೊಲ್ಲು, ಯುನಿಕೋಡ್ ಒಳಗೆ ಬಂದದ್ದು 2021ರಲ್ಲಿ. ‘ಪ್ರತಿ ಅಕ್ಷರಕ್ಕೂ’ ಅನ್ನುವ ಯುನಿಕೋಡ್ ಶುರುವಾಗಿ ಮೂವತ್ತು ವರ್ಷದ ಸುಮಾರಿಗೆ!

ಹಳಗನ್ನಡ ಪಂಡಿತರ ವಿಷಯ, ನಮಗೇನು ಅಂತೀರಾ? ದಿನನಿತ್ಯದ ಪದಕ್ಕೇ ಬನ್ನಿ. ‘ರ್ಯಾಂಕ್’ ಅಂತ ಸುಮ್ನೆ ಟೈಪ್ ಮಾಡಿದರೆ ಅರ್ಕಾವೊತ್ತು ಬರುತ್ತದೆ. ‘ರ‍್ಯಾಂಕ್’ ಅಂತ ರ-ಕ್ಕೆ ಯ-ಒತ್ತು ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಬೇಕು. ಓದುವವರಿಗೆ ಎರಡೂ ಒಂದೇ ಪದ. ಕಂಪ್ಯೂಟರಿಗೆ ಎರಡು. ಹುಡುಕುವ ಪ್ರೋಗ್ರಾಮಿಗೆ ಈ ಸೂಕ್ಷ್ಮವನ್ನು ಯಾರೂ ಹೇಳಿಕೊಡದಿದ್ದರೆ ಒಂದನ್ನು ಹುಡುಕಿದಾಗ ಇನ್ನೊಂದು ಸಿಗುವುದಿಲ್ಲ. ‘ಕೊ’ದ ಸ್ವರಚಿಹ್ನೆಯನ್ನೂ ಅಷ್ಟೇ, ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಥರ. ಅಂದರೆ ಯುನಿಕೋಡ್ ಕೊಟ್ಟದ್ದು ಸಂಖ್ಯೆಯ ಭರವಸೆ. ಪದ, ಕಾಗುಣಿತ, ಒತ್ತಕ್ಷರ ಹೇಗೆ ಕಾಣಬೇಕು ಅನ್ನುವುದನ್ನೆಲ್ಲ ಅದು ಫಾಂಟು ಮಾಡುವವರಿಗೆ, ಪ್ರೋಗ್ರಾಮು ಬರೆಯುವವರಿಗೆ ಬಿಟ್ಟಿತು. ಕನ್ನಡಕ್ಕೆ ಆ ಕೆಲಸ ಮುಗಿಯಲು ವರ್ಷಗಟ್ಟಲೆ ಹಿಡಿಯಿತು. ಅಷ್ಟು ವರ್ಷವೂ ಡಿಟಿಪಿ ಅಂಗಡಿಗಳು, ಪತ್ರಿಕೆಗಳು ಯುನಿಕೋಡ್ ಅಲ್ಲದ ಹಳೆ ಫಾಂಟುಗಳಲ್ಲೇ ಕೆಲಸ ನಡೆಸಿದವು. ಆ ಕಡತಗಳನ್ನು ಇವತ್ತು ತೆರೆದು ಕಾಪಿ ಮಾಡಿದರೆ ಬರುವುದು ಅರ್ಥವಿಲ್ಲದ ಅಕ್ಷರಗಳ ಸಾಲು.

ಇಷ್ಟೆಲ್ಲ ಇದ್ದರೂ ಈ ಲೇಖನವನ್ನು ನೀವು ನಿಮ್ಮ ಫೋನಿನಲ್ಲಿ ಏನೂ ಇಳಿಸಿಕೊಳ್ಳದೆ ಓದುತ್ತಿದ್ದೀರಿ. ಯುನಿಕೋಡ್‌ನ ಘೋಷಣೆ ಗೆದ್ದಿದೆ. ಅಕ್ಷರದ ಅರ್ಥ ಏನು ಅನ್ನುವ ತಂಟೆಗೆ ಅದು ಹೋಗಲಿಲ್ಲ ಅನ್ನುವುದು ಅದಕ್ಕೆ ಒಂದು ಕಾರಣ.

ಅರ್ಥದ ತಂಟೆಗೇ ಹೋದವರ ಕಥೆ ಬೇರೆ. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ ಮತ್ತು ಸಂಗಡಿಗರು 2001ರಲ್ಲಿ ‘ಸೆಮ್ಯಾಂಟಿಕ್ ವೆಬ್’ ಬರುತ್ತದೆ ಅಂದರು. ಯಂತ್ರಗಳೇ ಪುಟಗಳ ಅರ್ಥ ತಿಳಿದುಕೊಂಡು ನಮ್ಮ ಪರವಾಗಿ ಡಾಕ್ಟರ ಅಪಾಯಿಂಟ್‌ಮೆಂಟ್ ಹಿಡಿಯುತ್ತವೆ ಅಂತ. ಇವತ್ತು ಎಐ ಏಜೆಂಟ್ ಮಾರುವವರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ, ಅಲ್ವಾ? ಅದರ ಕೆಳಗಿದ್ದ ಮಾದರಿ ಆರ್‌ಡಿಎಫ್, 1999ರದು. ಲೋಕದಲ್ಲಿ ಏನಿದ್ದರೂ ಮೂರು ತುಂಡಿನ ವಾಕ್ಯ ಮಾಡಿ. ‘ಮೈಸೂರು – ಇರುವುದು – ಕರ್ನಾಟಕದಲ್ಲಿ.’ ಈ ಬಳಗದಲ್ಲಿ ಓಡಾಡಿದ ಘೋಷಣೆ: ಯಾರು ಬೇಕಾದರೂ, ಯಾವುದರ ಬಗ್ಗೆ ಬೇಕಾದರೂ, ಏನು ಬೇಕಾದರೂ ಹೇಳಬಹುದು.

ಇದು ಧೈರ್ಯದ ಮಾತು, ಪ್ರಾಮಾಣಿಕ ಮಾತು ಕೂಡ. ಆದರೆ ಎಲ್ಲರೂ ಏನು ಬೇಕಾದರೂ ಹೇಳಿದ ಮೇಲೆ ಅದನ್ನು ಕೂಡಿಸುವವರು ಯಾರು? ನಾನು ‘ಬೆಂಗಳೂರು’ ಅಂದದ್ದೂ ನೀವು ‘ಬೆಂಗಳೂರು’ ಅಂದದ್ದೂ ಒಂದೇನಾ? 2011ರ ಒಂದೇ ಜನಗಣತಿಯಲ್ಲಿ ಬೆಂಗಳೂರಿಗೆ ಮೂರು ಸಂಖ್ಯೆ ಸಿಗುತ್ತವೆ. ಪಾಲಿಕೆ ವ್ಯಾಪ್ತಿಗೆ ಸುಮಾರು 84 ಲಕ್ಷ, ಸುತ್ತಲಿನ ನಗರಪ್ರದೇಶ ಸೇರಿದರೆ ಸುಮಾರು 85 ಲಕ್ಷ, ನಗರ ಜಿಲ್ಲೆಗೆ ಸುಮಾರು 96 ಲಕ್ಷ. ಮೂರೂ ಸರಿ. ‘ಇದೂ ಅದೂ ಒಂದೇ’ ಅಂತ ಗಂಟು ಹಾಕುವ ಸೌಲಭ್ಯ ಆರ್‌ಡಿಎಫ್ ಬಳಗದಲ್ಲಿತ್ತು. ಜನ ಅದನ್ನು ಧಾರಾಳವಾಗಿ ಬಳಸಿ, ಒಂದಲ್ಲದ್ದನ್ನೂ ಒಂದು ಮಾಡಿದರು. ಊರಿಗೂ ಜಿಲ್ಲೆಗೂ ಗಂಟು ಬಿದ್ದರೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸುಮ್ಮನೆ ಬಂದು ಸೇರಿಕೊಳ್ಳುತ್ತಾರೆ.

2012ರಲ್ಲಿ ಗೂಗಲ್ ತನ್ನ ನಾಲೆಡ್ಜ್ ಗ್ರಾಫ್, ಅಂದರೆ ವಸ್ತುಗಳ ಮತ್ತು ಅವುಗಳ ನಡುವಿನ ಸಂಬಂಧಗಳ ಜಾಲ, ತಂದಾಗ ಘೋಷಣೆ ಚಿಕ್ಕದಾಯಿತು. ಅಕ್ಷರಗಳ ಸಾಲನ್ನಲ್ಲ, ವಸ್ತುಗಳನ್ನು ಹುಡುಕುತ್ತೇವೆ ಅಂತ. 50 ಕೋಟಿ ವಸ್ತುಗಳು, 350 ಕೋಟಿ ಸಂಗತಿಗಳೊಂದಿಗೆ ಶುರು ಅಂದರು. ಕೂಡಿಸುವ ಕೆಲಸ ಯಾರದು ಅನ್ನುವ ಪ್ರಶ್ನೆಗೆ ಇಲ್ಲಿ ಉತ್ತರ ಸ್ಪಷ್ಟ: ಗೂಗಲ್‌ನದು. ಕೆಲಸವೇನೋ ಆಯಿತು, ಕೀಲಿಕೈ ಮಾತ್ರ ಒಬ್ಬರ ಹತ್ತಿರ ಉಳಿಯಿತು. ಅದಕ್ಕೆ ಆಧಾರವಾಗಿದ್ದ ಫ್ರೀಬೇಸ್ ಎಲ್ಲರಿಗೂ ತೆರೆದಿದ್ದ ಮಾಹಿತಿ ಭಂಡಾರವಾಗಿತ್ತು. 2010ರಲ್ಲಿ ಅದನ್ನು ನಡೆಸುತ್ತಿದ್ದ ಕಂಪನಿಯನ್ನು ಗೂಗಲ್ ಕೊಂಡಿತು, 2016ರಲ್ಲಿ ಫ್ರೀಬೇಸ್ ಮುಚ್ಚಿತು.

ಯಾರು ಬೇಕಾದರೂ ತಿದ್ದಬಹುದಾದ ಮಾಹಿತಿ ಭಂಡಾರ ವಿಕಿಡೇಟಾ ಶುರುವಾದದ್ದೂ 2012ರಲ್ಲೇ. ಇಲ್ಲಿ ಪ್ರತಿ ವಸ್ತುವಿಗೂ ಒಂದು ಸಂಖ್ಯೆ. ಒಂದನೆಯ ಸಂಖ್ಯೆ ಇಡೀ ವಿಶ್ವಕ್ಕೆ (ಹಾಸ್ಯ ಯಾರಿಗೆ ಇಷ್ಟ ಇಲ್ಲ), ಬೆಂಗಳೂರಿಗೆ 1355. ಈಗ ಹತ್ತು ಕೋಟಿಗೂ ಹೆಚ್ಚು ವಸ್ತುಗಳಿವೆ. ನನಗೆ ಇದರಲ್ಲಿ ಇಷ್ಟವಾದದ್ದು ಸಂಖ್ಯೆ ಅಲ್ಲ. ವಿಕಿಡೇಟಾ ‘ಸತ್ಯ’ವನ್ನು ಇಡುವುದಿಲ್ಲ, ಹೇಳಿಕೆಗಳನ್ನು ಇಡುತ್ತದೆ. ಬೆಂಗಳೂರಿನ ಜನಸಂಖ್ಯೆ ಇಷ್ಟು, ಯಾವ ವರ್ಷದಲ್ಲಿ, ಯಾರ ಪ್ರಕಾರ. ಅದೇ ಪ್ರಶ್ನೆಗೆ ಎರಡನೆಯ ಉತ್ತರ ಇದ್ದರೆ ಅದೂ ಪಕ್ಕದಲ್ಲಿ ಕೂರುತ್ತದೆ. ಒಂದಕ್ಕೆ ಮೇಲಿನ ದರ್ಜೆ ಕೊಡಬಹುದು, ಇನ್ನೊಂದನ್ನು ಈಗ ಒಪ್ಪದ ಹೇಳಿಕೆ ಅಂತ ಗುರುತು ಹಾಕಿ ಉಳಿಸಬಹುದು. ಗಡಿ ವಿವಾದ ಇದ್ದರೆ ಎರಡೂ ಕಡೆಯವರ ಹೇಳಿಕೆ ಬರೆಯಬಹುದು. ಮಾದರಿ ಜಗಳ ಬಿಡಿಸುವುದಿಲ್ಲ. ಜಗಳವನ್ನು ಬರೆದಿಡಲು ಜಾಗ ಕೊಡುತ್ತದೆ.

ಅದಕ್ಕೂ ಬೆಲೆ ಇದೆ. ಎಲ್ಲವೂ ಒಂದೇ ಜಾಲದಲ್ಲಿರಬೇಕು ಅನ್ನುವ ಆಸೆಗೆ ವಿಕಿಡೇಟಾವೇ 2025ರಲ್ಲಿ ಕತ್ತರಿ ಹಾಕಿತು. ಪ್ರಶ್ನೆ ಕೇಳಿ ಉತ್ತರ ಪಡೆಯುವ ಅದರ ಸೇವೆ ಭಾರ ತಾಳಲಾರದೆ ಒದ್ದಾಡುತ್ತಿತ್ತು. ಡೇಟಾದಲ್ಲಿ ದೊಡ್ಡ ಪಾಲು ಸಂಶೋಧನಾ ಲೇಖನಗಳ ವಿವರವೇ ಆಗಿತ್ತು. ಅವನ್ನು ತೆಗೆದು ಬೇರೆ ಜಾಲ ಮಾಡಿದರು. ಮಾದರಿ ಈಗಲೂ ಒಂದೇ, ಕೇಳುವ ಬಾಗಿಲು ಎರಡು.

ಆಸ್ಪತ್ರೆಗಳ ಲೋಕದಲ್ಲಿ ಇದೇ ಪಾಠವನ್ನು ತುಂಬಾ ದುಬಾರಿಯಾಗಿ ಕಲಿತರು. ಆಸ್ಪತ್ರೆಗಳ ನಡುವೆ ಮಾಹಿತಿ ಸಾಗಿಸುವ ಮಾನಕಗಳನ್ನು ಮಾಡುವ ಸಂಸ್ಥೆ ಎಚ್‌ಎಲ್7. ಅದರ ಎರಡನೆಯ ಆವೃತ್ತಿ ಎಲ್ಲ ಕಡೆ ಬಳಕೆಯಲ್ಲಿತ್ತು, ಆದರೆ ಒಂದೊಂದು ಆಸ್ಪತ್ರೆ ಒಂದೊಂದು ರೀತಿ ಬಳಸುತ್ತಿತ್ತು. ಇದನ್ನು ಸರಿಪಡಿಸಲು ಮೂರನೆಯ ಆವೃತ್ತಿಯಲ್ಲಿ ಒಂದು ಮಹಾ ಮಾದರಿ ಕಟ್ಟಿದರು. ವೈದ್ಯಲೋಕದಲ್ಲಿ ಏನೇ ನಡೆಯಲಿ, ಕ್ರಿಯೆ, ವಸ್ತು ಅಥವಾ ವ್ಯಕ್ತಿ, ಪಾತ್ರ, ಭಾಗವಹಿಸುವಿಕೆ ಎಂಬ ಕೆಲವೇ ಮೂಲ ವರ್ಗಗಳಿಂದ ಅದನ್ನು ಹೇಳಬಹುದು ಅಂತ. ರಕ್ತ ಪರೀಕ್ಷೆಯೂ ಕ್ರಿಯೆ, ಅದರ ಫಲಿತಾಂಶವೂ ಕ್ರಿಯೆ, ಇನ್ನೂ ಮಾಡದೆ ಬರೀ ಬರೆದುಕೊಟ್ಟ ಪರೀಕ್ಷೆಯೂ ಕ್ರಿಯೆ. ಕಾಗದದ ಮೇಲೆ ಚೆಂದ. ಪ್ರೋಗ್ರಾಮು ಬರೆಯುವವರಿಗೆ ಒಂದು ಸಣ್ಣ ಸಂದೇಶ ಕಳಿಸಲೂ ತತ್ವಶಾಸ್ತ್ರ ಓದಿದ ಹಾಗೆ ಆಗುತ್ತಿತ್ತು. ಅದರ ದಾಖಲೆ ಭಾಗ ಉಳಿಯಿತು. ಸಂದೇಶದ ಭಾಗವನ್ನು ಹೆಚ್ಚಿನವರು ಕೈಬಿಟ್ಟರು.

2011ರಲ್ಲಿ ಆಸ್ಟ್ರೇಲಿಯಾದ ಗ್ರಹಾಂ ಗ್ರೀವ್ ಬೇರೆ ದಾರಿ ತೋರಿಸಿದರು. ಅದು ಎಫ್‌ಎಚ್‌ಐಆರ್ ಆಯಿತು, ಬಾಯಲ್ಲಿ ‘ಫೈರ್’. ಅದರ ನಿಯಮ ಸೀದಾ. ಬಹುತೇಕ ವ್ಯವಸ್ಥೆಗಳಲ್ಲಿ, ಸುಮಾರಾಗಿ ನೂರಕ್ಕೆ ಎಂಬತ್ತರಲ್ಲಿ, ಈಗಾಗಲೇ ಇರುವುದನ್ನಷ್ಟೇ ಮುಖ್ಯ ಮಾದರಿಯಲ್ಲಿ ಇಡಿ. ಉಳಿದದ್ದು ಬೇಕಾದವರು ವಿಸ್ತರಣೆಯಾಗಿ ಸೇರಿಸಿಕೊಳ್ಳಲಿ, ಆದರೆ ಸೇರಿಸಿದ್ದನ್ನು ಬಹಿರಂಗವಾಗಿ ಬರೆದಿಡಲಿ. ‘ಎಲ್ಲ’ ಅನ್ನುವ ಮಾತನ್ನೇ ಬಿಟ್ಟುಕೊಟ್ಟ ಮಾದರಿ ಇದು. 2021ರಲ್ಲಿ ದೇಶಾದ್ಯಂತ ಶುರುವಾದ ನಮ್ಮ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೂಡ ಇದನ್ನೇ ಆರಿಸಿಕೊಂಡಿತು. ನಿಮ್ಮ ಆಭಾ ಸಂಖ್ಯೆಗೆ (ಆರೋಗ್ಯ ಖಾತೆಯ ಗುರುತಿಗೆ) ಜೋಡಿಸಿದ ಲ್ಯಾಬ್ ವರದಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವುದು ಈ ರೂಪದಲ್ಲಿ.

ಇಷ್ಟು ಹೇಳಿದ ಮೇಲೆ ರೈತರ ಗುರುತಿಗೆ ಬರುತ್ತೇನೆ. ಈ ತೂಕ ನಮ್ಮ ಹಳ್ಳಿಗಳಿಗೆ ಅತಿ ಜಾಸ್ತಿ ತಟ್ಟುವುದು ಇಲ್ಲಿಯೇ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ 2,817 ಕೋಟಿ ರೂಪಾಯಿಯ ಡಿಜಿಟಲ್ ಕೃಷಿ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಮುಖ್ಯ ಭಾಗ ಅಗ್ರಿಸ್ಟ್ಯಾಕ್. ಮೂರು ಪಟ್ಟಿಗಳು: ರೈತರದು, ಹಳ್ಳಿಯ ನಕ್ಷೆಗಳದು, ಬಿತ್ತಿದ ಬೆಳೆಗಳದು. ಮೂರು ವರ್ಷದಲ್ಲಿ 11 ಕೋಟಿ ರೈತರಿಗೆ ಡಿಜಿಟಲ್ ಗುರುತು ಕೊಡುವ ಗುರಿ. ಕರ್ನಾಟಕಕ್ಕೆ ಇದು ಹೊಸದಲ್ಲ. 2000ದ ಸುಮಾರಿಗೆ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತ್ತು. ಆಮೇಲೆ ‘ಫ್ರೂಟ್ಸ್’ ಬಂತು. ರೈತರ ಆಧಾರ್, ಸರ್ವೆ ನಂಬರುಗಳನ್ನು ಜೋಡಿಸಿ ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ ಕೊಡುವ ವ್ಯವಸ್ಥೆ. ಬೆಳೆ ಪರಿಹಾರಕ್ಕೆ ಈಗ ಅದನ್ನೇ ನೋಡುತ್ತಾರೆ.

ಇದರಿಂದ ಉಪಯೋಗ ಆಗಿಲ್ಲ ಅಂತಲ್ಲ. ಪ್ರತಿ ಯೋಜನೆಗೂ ಪಹಣಿ ಜೆರಾಕ್ಸ್ ಹಿಡಿದು ಓಡಾಡುವುದು ಕಡಿಮೆಯಾಗಿದೆ, ದುಡ್ಡು ನೇರ ಖಾತೆಗೆ ಬರುತ್ತದೆ. ಆದರೆ ಮಾದರಿಯ ಒಳಗೆ ಒಂದು ತೀರ್ಮಾನ ಸದ್ದಿಲ್ಲದೆ ಕೂತಿದೆ. ಅದರ ಪ್ರಕಾರ ರೈತ ಅಂದರೆ ಹೆಚ್ಚುಕಡಿಮೆ ಪಹಣಿಯಲ್ಲಿ ಹೆಸರಿರುವವರು.

ಪಹಣಿಯಲ್ಲಿ ತೀರಿಕೊಂಡ ಅಜ್ಜನ ಹೆಸರೇ ಇದ್ದು, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗದೆ ಉಳಿದವರು ಏನು ಮಾಡಬೇಕು? ಜಂಟಿ ಖಾತೆಯಲ್ಲಿ ಏಳೆಂಟು ಹೆಸರಿದ್ದು, ಜಮೀನು ಭಾಗ ಮಾಡುವ ಪೋಡಿ ಆಗದೆ, ಒಬ್ಬರೇ ಉಳುಮೆ ಮಾಡುತ್ತಿದ್ದರೆ? ಗಂಡನ ಹೆಸರಿನ ಹೊಲದಲ್ಲಿ ಬಿತ್ತನೆಯಿಂದ ಒಕ್ಕಣೆವರೆಗೆ ದುಡಿಯುವ ಹೆಂಡತಿ? ಇವರೆಲ್ಲರಿಗಿಂತ ಕಷ್ಟದಲ್ಲಿರುವವರು ಕೋರಿಗೆ, ಪಾಲಿಗೆ, ಲಾವಣಿಗೆ ಬೇರೆಯವರ ಹೊಲ ಮಾಡುವವರು. ಕರ್ನಾಟಕದಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಸೈನಿಕರಂಥ ಕೆಲವರನ್ನು ಬಿಟ್ಟರೆ ಜಮೀನು ಗುತ್ತಿಗೆಗೆ ಕೊಡುವುದು ಕಾನೂನಿನ ಪ್ರಕಾರ ಇಲ್ಲವೇ ಇಲ್ಲ. ಆ ಕಾನೂನು ಲಕ್ಷಾಂತರ ಗೇಣಿದಾರರಿಗೆ ಭೂಮಿ ಕೊಟ್ಟಿತು, ಅದನ್ನು ಮರೆಯಬಾರದು. ಆದರೆ ಇವತ್ತು ಬಾಯಿಮಾತಿನ ಗುತ್ತಿಗೆ ಊರೂರಲ್ಲಿ ಇದೆ. ಕಾಗದದಲ್ಲಿ ಇಲ್ಲದ ಸಂಬಂಧಕ್ಕೆ ಕೋಷ್ಟಕದಲ್ಲಿ ಕಾಲಂ ಎಲ್ಲಿಂದ ಬರಬೇಕು?

ವಿಚಿತ್ರ ಅಂದರೆ ಕಾಲಂ ಇದೆ. ಪಹಣಿಯ ಪೂರ್ತಿ ಹೆಸರೇ ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆ. ಕಲಂ 9ರಲ್ಲಿ ಮಾಲೀಕರ ಹೆಸರಿದ್ದರೆ ಕಲಂ 12 ಸಾಗುವಳಿ ಮಾಡುವವರಿಗೆ, ಬೆಳೆಗೆ ಮೀಸಲು. ಹಳೇ ಕಂದಾಯದವರಿಗೆ ಮಾಲೀಕರೂ ಸಾಗುವಳಿದಾರರೂ ಬೇರೆ ಬೇರೆ ಇರಬಹುದು ಅನ್ನುವುದು ಗೊತ್ತಿತ್ತು. ಹೊಸ ಮಾದರಿಯ ಲೆಕ್ಕಾಚಾರ ಬಹುಪಾಲು ಕಲಂ 9ರ ಮೇಲೆ ನಿಂತಿದೆ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಕೂಡ ಭೂಮಿ ಇರುವ ಕುಟುಂಬಕ್ಕೇ. ಗೇಣಿದಾರರನ್ನು ರೈತರ ಪಟ್ಟಿಗೆ ಸೇರಿಸುವುದು ಆಯಾ ರಾಜ್ಯದ ನೀತಿಗೆ ಬಿಟ್ಟದ್ದು ಅಂತ ಕೇಂದ್ರ ಹೇಳಿದೆ. ಅಂದರೆ ‘ಎಲ್ಲ ರೈತರು’ ಅನ್ನುವ ಮಾತಿನ ಅರ್ಥ ರಾಜ್ಯದಿಂದ ರಾಜ್ಯಕ್ಕೆ ಬದಲಾಗಬಹುದು.

ತಾಂತ್ರಿಕವಾಗಿ ದಾರಿ ಇಲ್ಲದೆ ಇಲ್ಲ. ಬೆಳೆಗಳ ಪಟ್ಟಿ ರೈತರ ಪಟ್ಟಿಯಿಂದ ಬೇರೆ ಇದೆ. ಅಲ್ಲಿ ವಿಕಿಡೇಟಾದ ಥರ ಒಂದು ಹೇಳಿಕೆ ಸೇರಿಸಬಹುದು. ಈ ಸರ್ವೆ ನಂಬರಿನಲ್ಲಿ, ಈ ಮುಂಗಾರಿನಲ್ಲಿ, ಬೆಳೆದವರು ಇಂಥವರು, ಹೇಳಿದವರು ಇಂಥವರು. ಮಾಲೀಕತ್ವದ ದಾಖಲೆಯನ್ನು ಮುಟ್ಟುವುದೇ ಬೇಡ. ತೊಡಕಿರುವುದು ಭಯದಲ್ಲಿ. ಒಮ್ಮೆ ಹೆಸರು ಬಂದರೆ ನಾಳೆ ಜಮೀನೇ ಕೈಬಿಡುತ್ತದೆ ಅನ್ನುವ ಭಯ ಮಾಲೀಕರಿಗಿದೆ. 1974ರ ನೆನಪಿರುವ ರಾಜ್ಯದಲ್ಲಿ ಅದು ಸುಳ್ಳು ಭಯವೂ ಅಲ್ಲ. ಆಂಧ್ರಪ್ರದೇಶ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕಿನ ಕಾಯ್ದೆ ಮಾಡಿತು. ಹನ್ನೊಂದು ತಿಂಗಳ ಕಾರ್ಡು, ಮಾಲೀಕರ ಹಕ್ಕಿಗೆ ಧಕ್ಕೆ ಇಲ್ಲ ಅಂತ ಕಾನೂನಲ್ಲೇ ಬರೆದರು. ಆದರೂ ಕಾರ್ಡಿಗೆ ಮಾಲೀಕರ ಒಪ್ಪಿಗೆ ಬೇಕಿದ್ದರಿಂದ ಬಹಳಷ್ಟು ಗುತ್ತಿಗೆ ರೈತರಿಗೆ ಅದು ಸಿಗಲಿಲ್ಲ.

ಕರ್ನಾಟಕ ಯಾವ ದಾರಿ ಹಿಡಿಯುತ್ತದೋ, ಅದು ವಿಧಾನಸೌಧದಲ್ಲಿ ತೀರ್ಮಾನ ಆಗಬೇಕಾದ ವಿಷಯ. ಅಲ್ಲಿಯವರೆಗೆ ರೈತ ಗುರುತಿನ ಪೋಸ್ಟರಿನಲ್ಲಿ ‘ಎಲ್ಲ ರೈತರಿಗೂ’ ಅನ್ನುವ ಕಡೆ ‘ಪಹಣಿಯಲ್ಲಿ ಹೆಸರಿರುವ ರೈತರಿಗೆ’ ಅಂತ ಅಚ್ಚು ಹಾಕಬಹುದು. ಅದಕ್ಕೆ ಕಾನೂನೂ ಬೇಡ, ಸಾಫ್ಟ್‌ವೇರೂ ಬೇಡ. ಕೋರಿಗೆ ಹೊಲ ಮಾಡಿದವರು ರೈತ ಸಂಪರ್ಕ ಕೇಂದ್ರದ ಸರತಿಯಲ್ಲಿ ಒಂದು ದಿನದ ಕೂಲಿ ಕಳೆದುಕೊಂಡು ನಿಲ್ಲುವುದಾದರೂ ತಪ್ಪುತ್ತದೆ. ಪಟ್ಟಿಯಿಂದ ಹೊರಗೆ ಎಷ್ಟು ಜನ ಉಳಿದಿದ್ದಾರೆ ಅಂತ ಕೇಳುವುದಕ್ಕೂ ಶಾಸಕರಿಗೆ, ಪತ್ರಕರ್ತರಿಗೆ ಒಂದು ಆಧಾರ ಸಿಗುತ್ತದೆ.